ತಾಂಡವಪುರದ ಸುತ್ತಮುತ್ತ: ಮಕ್ಕಳೊಡನೆ ಮೂರು ದಿನದ ವಿಹಾರ

ಮಕ್ಕಳಿಗೆ ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಏಳುವ ಮೊದಲನೆಯ ಪ್ರಶ್ನೆಯು “ಈ ಸಲ ಎಲ್ಲಿಗೆ?” ಎಂಬುದು. ದೂರದ ಊರಿನ ಹೆಸರನ್ನು ಹೇಳಿದಷ್ಟೂ ಮಕ್ಕಳಿಗೆ ಸಂತೋಷವು ಹೆಚ್ಚು. ಮನೆಯ ಯಜಮಾನನಿಗೆ ವೆಚ್ಚದ ಚಿಂತೆಯೂ ಅಷ್ಟೇ ಹೆಚ್ಚು. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ರಜೆಯ ದಿನ ಅರ್ಧ ಗಳಿಗೆ ನಿಂತು ನೋಡಿದರೆ ಈ ಮಾತಿನ ಸತ್ಯವು ತಿಳಿಯುವುದು. ಮೋಟಾರು ಗಾಡಿಗಳು ಒಂದರ ಹಿಂದೆ ಒಂದು ಓಡುತ್ತಿರುವುವು. ಒಳಗೆ ಕುಳಿತ ಮಕ್ಕಳು ಮೊಬೈಲುಗಳ ಮೇಲೆ ತಲೆ ಬಾಗಿಸಿರುವರು. ಬೆಟ್ಟವು ಬರುವವರೆಗೆ ನಡುವೆ ನೋಡತಕ್ಕುದು ಏನೂ ಇಲ್ಲವೆಂಬುದು ಹಿರಿಯರ ಭಾವನೆಯು. ಹಿರಿಯರ ಭಾವನೆಯೇ ಕಿರಿಯರಿಗೂ ಬರುವುದು.

ಆ ಹೆದ್ದಾರಿಯ ಮೇಲೆ, ಮೈಸೂರಿನಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ತಾಂಡವಪುರವೆಂಬ ಗ್ರಾಮವಿರುವುದು. ಓಡುವ ಗಾಡಿಗೆ ಅದು ಎರಡು ನಿಮಿಷದ ಊರು. ನಡೆಯುವವನಿಗಾದರೋ ಅದು ಒಂದು ವರ್ಷ ನೋಡಿದರೂ ಮುಗಿಯದ ಸೀಮೆಯ ಹೆಬ್ಬಾಗಿಲು. ಇದನ್ನು ನಡುಮಾಡಿಕೊಂಡು ಮೂವತ್ತು ಮೂವತ್ತೈದು ಕಿಲೋಮೀಟರುಗಳೊಳಗೆ ಎರಡು ಮಹಾನದಿಗಳು, ಒಂದು ಸಂಗಮ, ಪುರಾತನವಾದ ಸೇತುವೆ, ಹಿಮಾಲಯದಾಚೆಯಿಂದ ಹಕ್ಕಿಗಳು ಬರುವ ಕೆರೆ, ಲೋಕಪ್ರಸಿದ್ಧವಾದ ಶಿಲ್ಪ, ಇವೆಲ್ಲವೂ ಸಿಕ್ಕುವುವು. ಇವನ್ನು ಮಕ್ಕಳೊಡನೆ ಹೇಗೆ ನೋಡಬಹುದೆಂಬುದನ್ನೂ, ಹಾಗೆ ನೋಡುವಾಗ ಯಾವ ಎಚ್ಚರವಿರಬೇಕೆಂಬುದನ್ನೂ ಗೃಹಸ್ಥರಾದ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಹಳ್ಳಿಯ ಸುತ್ತ ನಡೆಯುವುದೂ ಒಂದು ಪ್ರವಾಸವೇ ಎಂದು ಕೆಲವರು ನಗಬಹುದು. ಅಂಥವರು ಫ್ರಾನ್ಸ್ ದೇಶದ ಕಡೆಗೆ ಒಮ್ಮೆ ದೃಷ್ಟಿಯನ್ನು ಹರಿಸಲಿ. ಅಲ್ಲಿ 1947ರಲ್ಲಿ, ಎರಡನೆಯ ಮಹಾಯುದ್ಧದ ಗಾಯಗಳು ಇನ್ನೂ ಮಾಯದಿದ್ದಾಗಲೇ, ಲುವಾರ್ ನದಿಯ ಪ್ರಾಂತದಲ್ಲಿ ನಡೆಯುವವರಿಗಾಗಿ ಮೊದಲನೆಯ ದೂರದ ಕಾಲುದಾರಿಯನ್ನು ಗುರುತು ಮಾಡಿದರು. ಮರಗಳ ಮೇಲೆಯೂ ಬಂಡೆಗಳ ಮೇಲೆಯೂ ಬಿಳಿ ಮತ್ತು ಕೆಂಪು ಪಟ್ಟೆಗಳನ್ನು ಬಳಿದು ದಾರಿ ತೋರುವುದು ಅವರ ಪದ್ಧತಿಯು. ಈಗ ಅಂಥ ದಾರಿಗಳು ಆ ದೇಶದಲ್ಲಿ ಸಾವಿರಾರು ಮೈಲಿ ಹಬ್ಬಿರುವುವು. ಒಂದು ಸಣ್ಣ ಹಳ್ಳಿಯಲ್ಲಿ ಇಳಿದುಕೊಂಡು, ಅದರ ಸುತ್ತಲಿನ ಹೊಳೆ, ತೋಟ, ಹಳೆಯ ಕೋಟೆ, ದೇವಾಲಯಗಳನ್ನು ಕಾಲ್ನಡಿಗೆಯಿಂದ ನೋಡುವುದು ಅಲ್ಲಿಯ ಸಂಸಾರಗಳಿಗೆ ಪರಮಸುಖವು. ನಮಗೆ ಇದು ಹೊಸದೇನೂ ಅಲ್ಲ. ಹರಕೆ ಹೊತ್ತು ನಂಜನಗೂಡಿಗೂ ಮಲೆಯ ಮಹದೇಶ್ವರನ ಬೆಟ್ಟಕ್ಕೂ ನಡೆದುಹೋಗುವ ಪದ್ಧತಿಯು ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ನಮ್ಮಲ್ಲಿ ದಾರಿಗೆ ಬಣ್ಣದ ಗುರುತಿಲ್ಲ, ಅಷ್ಟೇ. ನಡೆದ ಕಾಲುಗಳ ಗುರುತಿರುವುದು.

ಮೊದಲನೆಯ ದಿನದ ಬೆಳಗು

ಮೊದಲನೆಯ ದಿನ ಬೆಳಗ್ಗೆ ಸೂರ್ಯೋದಯಕ್ಕೆ ಮುಂಚೆಯೇ ಎದ್ದು ಊರ ಹೊರಗೆ ಹೋಗತಕ್ಕದ್ದು. ತಾಂಡವವೆಂದರೆ ಶಿವನ ನೃತ್ಯವೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಹೆಸರಿನಲ್ಲಿಯೇ ಕುಣಿತವುಳ್ಳ ಊರು ಇದು. ಈಚಿನ ವರ್ಷಗಳಲ್ಲಿ ಈ ಹೆದ್ದಾರಿಯ ಉದ್ದಕ್ಕೂ ಕಾರ್ಖಾನೆಗಳೂ ವಿದ್ಯಾಲಯಗಳೂ ಎದ್ದು ನಿಂತಿರುವುವು. ಆದರೂ ಹೆದ್ದಾರಿಯನ್ನು ಬಿಟ್ಟು ಅರ್ಧ ಮೈಲಿ ನಡೆದರೆ ಹೊಲದ ಬದುಗಳು, ಹುಣಿಸೆಯ ಮರಗಳು, ಎತ್ತಿನ ಕೊರಳ ಗಂಟೆ, ಎಲ್ಲವೂ ಹಿಂದಿನಂತೆಯೇ ಉಳಿದಿರುವುದು ಕಾಣುವುದು. ಉತ್ತರಕ್ಕೆ ತಿರುಗಿ ನಿಂತರೆ ಮಂಜು ಹರಿದ ಮೇಲೆ ಚಾಮುಂಡಿಬೆಟ್ಟದ ಆಕಾರವು ತೋರುವುದು.

ಇಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳುವೆನು. ಕಳೆದ ಚಳಿಗಾಲದಲ್ಲಿ ನನ್ನ ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಈ ದಾರಿಯಲ್ಲಿ ನಡೆಯುತ್ತಿದ್ದೆನು. ತಂತಿಯ ಮೇಲೆ ಒಂದು ಹಕ್ಕಿಯು ಕುಳಿತಿದ್ದಿತು. “ನೋಡು ಮಗು, ಅದು ನೀಲಕಂಠ, ಕರ್ನಾಟಕ ರಾಜ್ಯದ ಪಕ್ಷಿ. ವಿಷವನ್ನು ಕುಡಿದ ಶಿವನ ಹೆಸರನ್ನೇ ಇದಕ್ಕೆ ಇಟ್ಟಿರುವರು. ಅಮರಕೋಶದಲ್ಲಿ ಇದಕ್ಕೆ ಚಾಷ, ಕಿಕೀದಿವಿ ಎಂಬ ಹೆಸರುಗಳುಂಟು” ಎಂದು ಪಾಠವನ್ನು ಒಪ್ಪಿಸಿದೆನು. ಹುಡುಗನು ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿ, “ತಾತ, ಅದರ ಕೊರಳು ನೀಲಿಯಾಗಿಲ್ಲವಲ್ಲ!” ಎಂದನು. ಅಷ್ಟರಲ್ಲಿ ಹಕ್ಕಿಯು ಹಾರಿತು, ರೆಕ್ಕೆಗಳು ಬಿಚ್ಚಿದವು, ಅಚ್ಚ ನೀಲಿಯ ಬಣ್ಣವು ಬಿಸಿಲಿಗೆ ಝಗ್ಗೆಂದು ಹೊಳೆಯಿತು. “ರೆಕ್ಕೆ ನೀಲಿ ತಾತ, ರೆಕ್ಕೆ!” ಎಂದು ಅವನು ಕೂಗಿಕೊಂಡನು.

ಹುಡುಗನು ಹೇಳಿದುದು ನಿಜವು. ಆ ಹಕ್ಕಿಯ ಕೊರಳು ನಸುಗೆಂಪು ಬೆರೆತ ಕಂದು ಬಣ್ಣದ್ದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ‘ನೀಲಕಂಠ’ ಎಂಬ ಶಬ್ದಕ್ಕೆ ಬಹುವ್ರೀಹಿ ಸಮಾಸವೆಂದು ಹೇಳಿಕೊಟ್ಟ ನಾನು, ಒಂದು ದಿನವೂ ನಿಂತು ಆ ಹಕ್ಕಿಯ ಕೊರಳನ್ನು ನೋಡಿರಲಿಲ್ಲ. ಓದಿದುದನ್ನು ಕಣ್ಣಿನಿಂದ ಪರೀಕ್ಷಿಸಬೇಕೆಂಬ ಪಾಠವನ್ನು ಮೊಮ್ಮಗನು ತಂತಿಯ ಕೆಳಗೆ ನನಗೆ ಕಲಿಸಿದನು. ಮುಂದೆ ಹೇಳುವ ಸ್ಥಳಗಳನ್ನೆಲ್ಲ ಈ ದೃಷ್ಟಿಯಿಂದಲೇ ನೋಡಬೇಕೆಂದು ನನ್ನ ಪ್ರಾರ್ಥನೆಯು.

ಸೇತುವೆಯೂ ನದಿಯೂ

ಊರನ್ನು ಸುತ್ತಿ, ಉಪಾಹಾರವನ್ನು ಮುಗಿಸಿ, ತಾಂಡವಪುರದ ರೈಲು ನಿಲ್ದಾಣಕ್ಕೆ ಹೋಗಿ ನಂಜನಗೂಡಿಗೆ ರೈಲನ್ನು ಹಿಡಿಯಬಹುದು. ಮೈಸೂರಿನಿಂದ ನಂಜನಗೂಡಿಗೆ ರೈಲುದಾರಿಯಾದುದು 1891ರಲ್ಲಿ. ಅದು ಚಾಮರಾಜನಗರದವರೆಗೆ ಬೆಳೆದುದು 1926ರಲ್ಲಿ. ಮೋಟಾರಿನಲ್ಲಿ ಹೋಗುವುದಕ್ಕಿಂತ ರೈಲಿನಲ್ಲಿ ಹೋಗುವುದು ಮಕ್ಕಳಿಗೆ ಮೇಲು. ಕಿಟಕಿಯ ಹೊರಗೆ ನೋಡುವುದಕ್ಕೆ ಅವಕಾಶವು ಹೆಚ್ಚು, ಪ್ರಯಾಣದ ವೆಚ್ಚವೂ ಅತ್ಯಲ್ಪವು.

ನಂಜನಗೂಡನ್ನು ಸೇರುವ ಮೊದಲು ರೈಲು ಕಪಿಲೆಯನ್ನು ದಾಟುವುದು. ಪಕ್ಕದಲ್ಲಿಯೇ ಕಲ್ಲಿನ ಕಮಾನುಗಳ ಹಳೆಯ ಸೇತುವೆಯು ಕಾಣುವುದು. ಇದನ್ನು 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದರು. ಆಗ ನಮ್ಮ ದೇಶದಲ್ಲಿ ರೈಲಿನ ಹೆಸರನ್ನೇ ಕೇಳಿದವರಿರಲಿಲ್ಲ. ಎತ್ತಿನ ಬಂಡಿಗೂ ಕುದುರೆಗೂ ಕಟ್ಟಿದ ಆ ಸೇತುವೆಯು ಮುಂದೆ ಒಂದು ಪಕ್ಕದಲ್ಲಿ ರೈಲನ್ನೂ ಮತ್ತೊಂದು ಪಕ್ಕದಲ್ಲಿ ರಸ್ತೆಯ ಗಾಡಿಗಳನ್ನೂ ಬಹುಕಾಲ ಹೊತ್ತಿತು. ರೈಲುದಾರಿಯನ್ನು ಅಗಲಗೊಳಿಸಿದಾಗ ರೈಲಿಗೆ ಬೇರೆ ಸೇತುವೆಯಾಯಿತು. ಊರಿನೊಳಗೆ ಇಳಿದ ಮೇಲೆ ಮಕ್ಕಳನ್ನು ಈ ಹಳೆಯ ಸೇತುವೆಯ ಬಳಿಗೆ ಮೊದಲು ಕರೆದುಕೊಂಡು ಹೋಗಿ, ದಡದಿಂದಲೇ ಅದರ ಕಮಾನುಗಳನ್ನು ಎಣಿಸಲು ಹೇಳಬೇಕು. ಇಷ್ಟು ಭಾರವನ್ನು ಕಲ್ಲು ಹೇಗೆ ಹೊತ್ತಿತೆಂದು ಅವರೇ ಕೇಳುವರು. ಕಮಾನಿನ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ಹಿಡಿಯುವುದರಿಂದ ಮೇಲಿನ ಭಾರವು ಎರಡು ಕಡೆಗೂ ಹಂಚಿ ಕಂಬಗಳಿಗೆ ಇಳಿಯುವುದೆಂದು ಹೇಳಿದರೆ, ಒಗ್ಗಟ್ಟಿನ ವಿಷಯದಲ್ಲಿ ಬೇರೆ ಉಪದೇಶವು ಬೇಕಾಗದು.

ಕಪಿಲೆಗೆ ಕಬಿನಿಯೆಂಬುದು ರೂಢಿಯ ಹೆಸರು. ಈ ನದಿಯು ಕೇರಳದ ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಹರಿದು, ಬೀಚನಹಳ್ಳಿಯ ಬಳಿ 1974ರಲ್ಲಿ ಮುಗಿದ ಅಣೆಕಟ್ಟನ್ನು ದಾಟಿ ನಂಜನಗೂಡಿಗೆ ಬರುವುದು. ಆದಕಾರಣ ನಮ್ಮ ತಲೆಯ ಮೇಲೆ ಒಂದು ಮೋಡವೂ ಇಲ್ಲದಿರುವಾಗ, ವಯನಾಡಿನಲ್ಲಿ ಬಿದ್ದ ಮಳೆಯಿಂದ ಇಲ್ಲಿ ಪ್ರವಾಹವು ಬರಬಹುದು. 2018 ಮತ್ತು 2019ರ ಮಳೆಗಾಲಗಳಲ್ಲಿ ಹಾಗೆಯೇ ಆಗಿ, ನಂಜನಗೂಡಿನ ತಗ್ಗಿನ ಬೀದಿಗಳಿಗೂ ಹೆದ್ದಾರಿಗೂ ನೀರು ನುಗ್ಗಿದ್ದಿತು. ನದಿಯನ್ನು ನೋಡುವವನು ಕಣ್ಣಿಗೆ ಕಾಣುವ ನೀರನ್ನು ಮಾತ್ರ ನೋಡಿದರೆ ಸಾಲದು. ಆ ನೀರು ಎಲ್ಲಿಂದ ಬರುವುದೆಂಬುದನ್ನೂ ತಿಳಿದಿರಬೇಕು.

ಶ್ರೀಕಂಠೇಶ್ವರನ ಸನ್ನಿಧಿ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವನ್ನು ತಿಳಿಯದ ಕನ್ನಡಿಗರು ವಿರಳ. ನಂಜನ್ನು ಉಂಡವನು ನಂಜುಂಡ. ಅವನ ಗುಡಿಯಿರುವ ಊರು ನಂಜನಗೂಡು. ದೇವಾಲಯದ ಉದ್ದವು 385 ಅಡಿ, ಅಗಲವು 160 ಅಡಿ. ಏಳು ಅಂತಸ್ತಿನ ಮಹಾಗೋಪುರದ ಎತ್ತರವು ಸುಮಾರು 120 ಅಡಿ. ಇದನ್ನು 1845ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯವರಾದ ದೇವಾಜಮ್ಮಣ್ಣಿಯವರು ಕಟ್ಟಿಸಿದರು. ಒಳಗೆ ಅರವತ್ತುಮೂವರು ಪುರಾತನರ ವಿಗ್ರಹಗಳು ಸಾಲಾಗಿ ನಿಂತಿರುವುವು. ಅವರಲ್ಲಿ ಬೇಡನೂ ಉಂಟು, ಕುಂಬಾರನೂ ಉಂಟು, ಅರಸನೂ ಉಂಟು. ಎಲ್ಲರಿಗೂ ಒಂದೇ ಸಾಲು. ಮಕ್ಕಳಿಗೆ ಇದನ್ನು ತೋರಿಸಿ ಹೇಳಬೇಕು.

ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣಿನ ಬೇನೆಯಾಗಿ, ನಂಜುಂಡನ ಸೇವೆಯಿಂದ ಗುಣವಾಯಿತೆಂದೂ, ಸುಲ್ತಾನನು ಈ ದೇವರನ್ನು ‘ಹಕೀಮ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪ್ರತೀತಿಯುಂಟು. ವೈದ್ಯನಾದ ದೇವರ ಊರಿನಲ್ಲಿ ವೈದ್ಯವು ಬೆಳೆದುದು ಸಹಜವೇ ಸರಿ. ಹಲ್ಲುಪುಡಿಯಿಂದ ಮನೆಮನೆಗೂ ಪರಿಚಿತವಾದ ಸದ್ವೈದ್ಯಶಾಲೆಯನ್ನು ಬಿ. ವಿ. ಪಂಡಿತರು ಇಲ್ಲಿಯೇ 1913ರಲ್ಲಿ ಸ್ಥಾಪಿಸಿದರು. ಫಾಲ್ಗುಣ ಮಾಸದ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುವುವು. ಅವುಗಳಲ್ಲಿ ಹಿರಿದಾದುದು ಗೌತಮ ರಥವು. ಆ ದಿನದ ವೈಭವವು ವರ್ಣನಾತೀತವಾದರೂ, ಚಿಕ್ಕ ಮಕ್ಕಳನ್ನು ಕರೆತರುವವರು ಬೇರೆ ದಿನ ಬರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯವು. ಜನಸಂದಣಿಯಲ್ಲಿ ಮಗುವಿಗೆ ಕಾಣುವುದು ಮುಂದೆ ನಿಂತವರ ಬೆನ್ನು ಮಾತ್ರ.

ದರ್ಶನವಾದ ಮೇಲೆ ಪೇಟೆಯಲ್ಲಿ ನಂಜನಗೂಡಿನ ರಸಬಾಳೆಯನ್ನು ವಿಚಾರಿಸತಕ್ಕದ್ದು. ನಿಜವಾದ ರಸಬಾಳೆಯು ಯಾವಾಗಲೂ ದೊರೆಯದು. ದೊರೆತರೆ ಬೆಲೆಯು ಹೆಚ್ಚು. ಈ ಹಣ್ಣಿಗೆ ಭೌಗೋಳಿಕ ಗುರುತಿನ ರಕ್ಷಣೆಯು ದೊರೆತಿದ್ದರೂ, ಮಣ್ಣಿನಲ್ಲಿ ಹರಡುವ ಪನಾಮ ಸೊರಗು ರೋಗವೆಂಬ ಶಿಲೀಂಧ್ರಬಾಧೆಯಿಂದ ತೋಟಗಳು ಬಹುಮಟ್ಟಿಗೆ ಕ್ಷೀಣಿಸಿದವು. ಒಂದು ಹಣ್ಣನ್ನು ನಾಲ್ಕು ಜನರು ಹಂಚಿಕೊಂಡರೂ ಚಿಂತೆಯಿಲ್ಲ. ಮಕ್ಕಳು ಅದರ ಪರಿಮಳವನ್ನು ಒಮ್ಮೆಯಾದರೂ ತಿಳಿದಿರಲಿ. ರುಚಿಯನ್ನು ಬಲ್ಲವರು ಇಲ್ಲದಿದ್ದರೆ ಬೆಳೆಯುವವರೂ ಇಲ್ಲವಾಗುವರು.

ಎರಡನೆಯ ದಿನ: ಹದಿನಾರಿನ ಕೆರೆ

ಎರಡನೆಯ ದಿನವನ್ನು ಇದೇ ತಾಲ್ಲೂಕಿಗೆ ಸೇರಿದ ಹದಿನಾರು ಎಂಬ ಗ್ರಾಮಕ್ಕೂ ಸುತ್ತೂರಿಗೂ ಮೀಸಲಿಡಬಹುದು. ಮೈಸೂರು ರಾಜವಂಶದ ಮೂಲಪುರುಷರೆಂದು ಹೇಳುವ ಯದುರಾಯ, ಕೃಷ್ಣರಾಯರೆಂಬ ಸಹೋದರರ ಕಥೆಯಲ್ಲಿ ಬರುವ ಹದಿನಾಡು ಇದೇ ಎಂಬುದು ವಾಡಿಕೆಯು. ಆದರೆ ನಾವು ಅಲ್ಲಿಗೆ ಹೋಗುವುದು ರಾಜರಿಗಾಗಿಯಲ್ಲ, ಕೆರೆಗಾಗಿ.

ಚಳಿಗಾಲದ ತಿಂಗಳುಗಳಲ್ಲಿ ಹದಿನಾರಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುವುವು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು: ಇವು ಅದರ ಗುರುತು. ಮಂಗೋಲಿಯಾ, ತಿಬ್ಬತ್ತು ಮುಂತಾದ ದೇಶಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನೇ ಹಾರಿ ದಾಟಿ ನಮ್ಮ ಕೆರೆಗಳಿಗೆ ಇಳಿಯುವುವು. ಬೇಸಗೆಯು ಹತ್ತಿರವಾದಂತೆ ಮತ್ತೆ ಉತ್ತರಕ್ಕೆ ಹೊರಡುವುವು. ಗಾಳಿಯು ತೆಳುವಾಗಿರುವ ಆ ಎತ್ತರದಲ್ಲಿ ಮನುಷ್ಯನಿಗೆ ಉಸಿರಾಡುವುದೇ ಕಷ್ಟವು. ಈ ಹಕ್ಕಿಗಳ ರಕ್ತಕ್ಕೆ ಸ್ವಲ್ಪ ಗಾಳಿಯಿಂದಲೇ ಹೆಚ್ಚು ಪ್ರಾಣವಾಯುವನ್ನು ಹೀರಿಕೊಳ್ಳುವ ಶಕ್ತಿಯಿರುವುದೆಂದು ವಿಜ್ಞಾನಿಗಳು ಕಂಡುಕೊಂಡಿರುವರು. ಕಾವ್ಯಗಳಲ್ಲಿ ಹಂಸಗಳು ಮಾನಸಸರೋವರಕ್ಕೆ ಹೋಗುವುದನ್ನು ಓದಿದ ನಮಗೆ, ಹಿಮಾಲಯದಾಚೆಯಿಂದ ಬಂದ ಹಕ್ಕಿಯು ರಾಗಿಯ ಹೊಲದ ಪಕ್ಕದ ಕೆರೆಯಲ್ಲಿ ತೇಲುವುದನ್ನು ಕಂಡಾಗ ಕವಿಗಳು ಬರಿಯ ಕಲ್ಪನೆಯನ್ನು ಹೆಣೆಯಲಿಲ್ಲವೆಂಬ ನಂಬಿಕೆಯು ಹುಟ್ಟುವುದು.

ಇಲ್ಲಿ ಪಾಲಿಸತಕ್ಕ ನಿಯಮವು ಒಂದೇ: ಮೌನ. ಬಣ್ಣಬಣ್ಣದ ಬಟ್ಟೆಯನ್ನು ಉಡಿಸದೆ, ಏರಿಯ ಮೇಲೆ ಓಡಲು ಬಿಡದೆ, ಮಕ್ಕಳನ್ನು ಮರದ ನೆರಳಿನಲ್ಲಿ ಕುಳ್ಳಿರಿಸಿ, ಕಂಡ ಹಕ್ಕಿಗಳನ್ನು ಎಣಿಸಿ ಒಂದು ಪುಸ್ತಕದಲ್ಲಿ ಬರೆಯಹೇಳಬೇಕು. ಹೆಸರು ತಿಳಿಯದಿದ್ದರೆ ಚಿತ್ರವನ್ನು ಬರೆಯಲಿ. ಒಂದು ಗಂಟೆ ಹೀಗೆ ಕುಳಿತ ಮಗುವು ಮತ್ತೆ ಹಕ್ಕಿಗೆ ಕಲ್ಲೆಸೆಯದು.

ಮಧ್ಯಾಹ್ನಕ್ಕೆ ಕಪಿಲೆಯ ದಡದಲ್ಲಿರುವ ಸುತ್ತೂರಿಗೆ ಹೋಗಬಹುದು. ಅಲ್ಲಿಯ ವೀರಸಿಂಹಾಸನ ಮಠವು ವಿದ್ಯಾದಾನಕ್ಕೂ ಅನ್ನದಾಸೋಹಕ್ಕೂ ನಾಡಿನಲ್ಲೆಲ್ಲ ಹೆಸರಾದುದು. ಪುಷ್ಯ ಮಾಸದ ಜಾತ್ರೆಯ ಕಾಲದಲ್ಲಿ ಕುಸ್ತಿಯ ಪಂದ್ಯ, ದನಗಳ ಪರಿಷೆ, ಕೃಷಿಯ ಪ್ರದರ್ಶನ, ಸಾಮೂಹಿಕ ವಿವಾಹಗಳು ಒಂದೇ ಕಡೆ ನೋಡಸಿಕ್ಕುವುವು. ಪಟ್ಟಣದ ಮಕ್ಕಳಿಗೆ ರೈತನ ವರ್ಷವು ಹೇಗೆ ನಡೆಯುವುದೆಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಮೂರನೆಯ ದಿನ: ಸಂಗಮ

ಮೂರನೆಯ ದಿನ ತಿರುಮಕೂಡಲು ನರಸೀಪುರಕ್ಕೆ ಹೊರಡತಕ್ಕದ್ದು. ನಂಜನಗೂಡಿನಲ್ಲಿ ನಾವು ಬಿಟ್ಟುಬಂದ ಕಪಿಲೆಯು ಇಲ್ಲಿ ಕಾವೇರಿಯನ್ನು ಕೂಡುವುದು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನು ಮೂರನೆಯದಾಗಿ ಎಣಿಸಿ ತ್ರಿವೇಣಿಯೆನ್ನುವರು. 1989ರಿಂದ ಮೂರು ವರ್ಷಗಳಿಗೊಮ್ಮೆ ಇಲ್ಲಿ ಕುಂಭಮೇಳವು ನಡೆಯುವ ಪದ್ಧತಿಯಾಗಿದೆ. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಮತ್ತೊಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ. ಈ ನರಸಿಂಹನ ಬೆರಳಿನಲ್ಲಿ ಗುಲಗಂಜಿಯಿರುವುದು. ಕಾಶಿಗಿಂತ ಈ ಕ್ಷೇತ್ರದ ಮಹಿಮೆಯು ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂಬುದು ಅದರ ಅರ್ಥವೆಂದು ಸ್ಥಳಪುರಾಣವು ಹೇಳುವುದು.

ಪುರಾಣಕ್ಕಿಂತಲೂ ಹಿಂದಿನ ಮಾತೊಂದುಂಟು. ಪ್ರೊಫೆಸರ್ ಎಂ. ಶೇಷಾದ್ರಿಯವರು ಇಲ್ಲಿಯ ನದೀತೀರದಲ್ಲಿ ನಡೆಸಿದ ಉತ್ಖನನದಿಂದ, ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ನವಶಿಲಾಯುಗದ ಜನರು ಮೂರು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ವಾಸವಾಗಿದ್ದರೆಂದು ತಿಳಿದುಬಂದಿತು. ಅದರ ವರದಿಯು 1971ರಲ್ಲಿ ಪ್ರಕಟವಾಯಿತು. ಅಲ್ಲಿ ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆಗಿಂಬುಗಳೂ ಇದ್ದುವು. ವೇದಘೋಷವೂ ದೇವಾಲಯವೂ ಇಲ್ಲದ ಕಾಲದಲ್ಲಿಯೂ, ಎರಡು ನದಿಗಳು ಕೂಡುವ ಎಡೆಯನ್ನು ಕಂಡು ಮನುಷ್ಯನು ಇಲ್ಲಿ ನಿಂತನು.

ಈ ಸಂಗಮದಲ್ಲಿಯೇ ನನ್ನ ಜೀವಮಾನದಲ್ಲಿ ಮರೆಯಲಾಗದ ಒಂದು ಸಂಗತಿಯು ನಡೆಯಿತು. ಹೇಳಿಕೊಳ್ಳಲು ಅಭಿಮಾನದ ವಿಷಯವಲ್ಲ. ಆದರೂ ಇದರಿಂದ ಒಂದು ಮನೆಯಾದರೂ ಎಚ್ಚರಗೊಂಡರೆ ಸಾಕೆಂದು ಹೇಳುವೆನು.

ಸುಮಾರು ಮೂವತ್ತು ವರ್ಷಗಳ ಹಿಂದೆ ಮೂವತ್ತು ಮಂದಿ ಹುಡುಗರನ್ನು ಇಲ್ಲಿಗೆ ಪ್ರವಾಸಕ್ಕೆ ಕರೆತಂದಿದ್ದೆನು. ಮಾಗಿಯ ಕಾಲ, ನೀರು ತಿಳಿಯಾಗಿ, ಮೊಣಕಾಲಿನ ಮಟ್ಟಕ್ಕೆ ಇದ್ದಂತೆ ಕಾಣುತ್ತಿತ್ತು. ಬುತ್ತಿಯನ್ನು ಬಿಚ್ಚುವ ಮೊದಲು ಸ್ನಾನಕ್ಕೆ ಅಪ್ಪಣೆ ಕೊಟ್ಟು, ನಾನು ಮೆಟ್ಟಿಲ ಮೇಲೆ ನಿಂತು ತ್ರಿವೇಣಿಯ ಮಹಿಮೆಯನ್ನು ವಿವರಿಸುತ್ತಿದ್ದೆನು. ನಾನು ಮಾತಿನಲ್ಲಿ ಮುಳುಗಿದ್ದೆನು. ನೀರಿನಲ್ಲಿ ಒಬ್ಬ ಹುಡುಗನು ಮುಳುಗಿದ್ದನು. ಮರಳು ತೆಗೆದು ಆಗಿದ್ದ ಹೊಂಡಕ್ಕೆ ಕಾಲಿಟ್ಟ ಕೂಡಲೇ ಅವನು ಕಾಣೆಯಾದನು. ಉಳಿದ ಹುಡುಗರು ಮೊದಲು ಆಟವೆಂದು ತಿಳಿದು ನಕ್ಕರು. ನಮ್ಮಲ್ಲಿ ಯಾರಿಗೂ ಏನೂ ತೋಚದಿದ್ದಾಗ, ಹರಿಗೋಲಿನವನೊಬ್ಬನು ಹುಟ್ಟನ್ನು ಬಿಸುಟು ನೀರಿಗೆ ಹಾರಿ, ಹುಡುಗನ ಜುಟ್ಟನ್ನು ಹಿಡಿದು ದಡಕ್ಕೆ ಎಳೆದುತಂದನು. ಬೋರಲಾಗಿ ಮಲಗಿಸಿ ನೀರನ್ನು ಕಕ್ಕಿಸಿದಮೇಲೆ ಹುಡುಗನು ಕಣ್ಣು ಬಿಟ್ಟನು.

ನಾನು ನಡುಗುವ ಕೈಯಿಂದ ಜೇಬಿನಲ್ಲಿದ್ದ ಹಣವನ್ನೆಲ್ಲ ತೆಗೆದು ಕೊಡಹೋದೆನು. ಅವನು ತೆಗೆದುಕೊಳ್ಳಲಿಲ್ಲ. “ಮೇಷ್ಟ್ರೇ, ಕಣ್ಣಿಗೆ ಕಾಣೋ ನೀರು ಬೇರೆ, ಕಾಲಿಗೆ ಸಿಕ್ಕೋ ನೀರು ಬೇರೆ. ಇಳಿಯೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಬಾರದಾ?” ಎಂದನು. ಗದರಿಕೆಯಿಲ್ಲದ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ಹುಡುಗನನ್ನು ಮನೆಗೆ ಮುಟ್ಟಿಸಿ ನಡೆದುದನ್ನು ಹೇಳಿದಾಗ ಅವನ ತಾಯಿಯು ನನಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಗಲೇ ಒಣಗಿದ್ದ ಮಗನ ತಲೆಯನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸುತ್ತಿದ್ದಳು. ಆ ಹುಡುಗನು ಈಗ ಮಕ್ಕಳೊಂದಿಗನಾಗಿ ಸುಖವಾಗಿರುವನು. ನನಗೆ ಮಾತ್ರ ಆ ಸೆರಗು ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು.

ಶಿಲೆಯೂ ಮರಳೂ

ನರಸೀಪುರದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ ಸೋಮನಾಥಪುರವಿರುವುದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವು ಇಲ್ಲಿಯದು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಇದೂ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿಗಳುಳ್ಳ ಈ ತ್ರಿಕೂಟಾಚಲವು ನಕ್ಷತ್ರಾಕಾರದ ಜಗತಿಯ ಮೇಲೆ ನಿಂತಿರುವುದು. ಮಕ್ಕಳಿಗೆ ಮೇಲಿನ ವಿಗ್ರಹಗಳು ದೂರವಾದುವು; ಕೆಳಗಿನ ಪಟ್ಟಿಕೆಗಳು ಅವರ ಕಣ್ಣಿನ ಮಟ್ಟದಲ್ಲಿಯೇ ಇರುವುವು. ಮೊದಲು ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಅದಕ್ಕೂ ಮೇಲೆ ಪುರಾಣದ ಕಥೆಗಳು. ಒಂದು ಆನೆಯಂತೆ ಮತ್ತೊಂದು ಆನೆಯಿದೆಯೇ ಎಂದು ಹುಡುಕಲು ಹೇಳಿದರೆ ಅವರು ಗುಡಿಯನ್ನು ಒಂದು ಸುತ್ತು ಬಂದೇ ಬರುವರು. ಮಲ್ಲಿತಮ್ಮನೆಂಬ ಶಿಲ್ಪಿಯು ತನ್ನ ಹೆಸರನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿರುವನು. ಅಕ್ಷರ ಬಲ್ಲ ಹುಡುಗರು ಅದನ್ನೂ ಹುಡುಕಲಿ.

ಶಕ್ತಿಯೂ ಕಾಲವೂ ಉಳಿದಿದ್ದರೆ ತಲಕಾಡಿಗೂ ಹೋಗಬಹುದು. ಇಲ್ಲದಿದ್ದರೆ ಮತ್ತೊಂದು ರಜೆಗೆ ಇಡುವುದು ಮೇಲು. ಗಂಗರ ರಾಜಧಾನಿಯಾಗಿದ್ದ ಆ ಪಟ್ಟಣವು ಮರಳಿನಲ್ಲಿ ಹೂತುಹೋದುದಕ್ಕೆ ಅಲಮೇಲಮ್ಮನ ಶಾಪವು ಕಾರಣವೆಂದು ಜನರು ಹೇಳುವರು. ಕಾವೇರಿಯ ತಿರುವಿನಲ್ಲಿ ಬೀಸುವ ಗಾಳಿಯು ನದಿಯ ಮರಳನ್ನು ತಂದು ಸುರಿದುದು ಕಾರಣವೆಂದು ಸಂಶೋಧಕರು ಹೇಳುವರು. ವಿಷ್ಣುವರ್ಧನನು ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನು ನೋಡಲು ಮರಳಿನಲ್ಲಿ ಕಾಲು ಹೂತುಕೊಂಡು ನಡೆಯುವಾಗ ಮಕ್ಕಳಿಗೆ ಎರಡು ಕಥೆಗಳನ್ನೂ ಹೇಳಬೇಕು. ಯಾವುದನ್ನು ನಂಬಬೇಕೆಂಬುದನ್ನು ಅವರು ದೊಡ್ಡವರಾದ ಮೇಲೆ ನಿಶ್ಚಯಿಸಿಕೊಳ್ಳುವರು.

ಗೃಹಸ್ಥರಿಗೆ ಕೆಲವು ಸೂಚನೆಗಳು

ಈ ವಿಹಾರಕ್ಕೆ ಮಾರ್ಗಶಿರದಿಂದ ಮಾಘದವರೆಗಿನ ಕಾಲವು ಉತ್ತಮವು. ಆಗ ಬಿಸಿಲು ಹಿತವಾಗಿರುವುದು, ಹಕ್ಕಿಗಳು ಬಂದಿರುವುವು, ನದಿಯು ಸಾಮಾನ್ಯವಾಗಿ ಶಾಂತವಾಗಿರುವುದು. ಬೇಸಗೆಯಲ್ಲಿ ಹೋಗುವವರು ಬೆಳಗ್ಗೆ ಹತ್ತು ಗಂಟೆಯೊಳಗೆ ನಡಿಗೆಯನ್ನು ಮುಗಿಸಬೇಕು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಿರುವ ಸುದ್ದಿಯನ್ನು ವಿಚಾರಿಸದೆ ನದಿಯ ಹತ್ತಿರಕ್ಕೆ ಸುಳಿಯಕೂಡದು.

ಮೊಸರನ್ನ, ಪುಳಿಯೋಗರೆ, ಚಪಾತಿಗಳಂತಹ ಬುತ್ತಿಯನ್ನೂ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯಬೇಕು. ಉಂಡ ಎಲೆಯನ್ನು ದನವಾದರೂ ತಿಂದೀತು. ಪ್ಲಾಸ್ಟಿಕ್ಕಿನ ಚೀಲವನ್ನು ತಿಂದ ದನವು ಸಾಯುವುದು. ಆದುದರಿಂದ ತಂದ ಕಾಗದ ಪ್ಲಾಸ್ಟಿಕ್ಕುಗಳನ್ನೆಲ್ಲ ತಿರುಗಿ ಮನೆಗೆ ಒಯ್ಯತಕ್ಕದ್ದು. ಹಳೆಯ ಬಟ್ಟೆಯನ್ನು ನದಿಯಲ್ಲಿ ಬಿಟ್ಟರೆ ಪಾಪವು ಹೋಗುವುದೆಂಬ ನಂಬಿಕೆಯು ಕೆಲವರಲ್ಲಿ ಉಂಟು. ಪಾಪದ ವಿಷಯವನ್ನು ನಾನು ಅರಿಯೆನು. ಆ ಬಟ್ಟೆಯು ಮಾತ್ರ ಸೋಪಾನದ ಕೆಳಗೇ ನಿಂತು ಕೊಳೆಯುವುದನ್ನು ಕಂಡಿರುವೆನು.

ಕೊನೆಯದಾಗಿ, ನೀರಿನ ವಿಷಯ. ಆ ದಿನದಿಂದ ನಾನು ಮೂರು ನಿಯಮಗಳನ್ನು ಬಿಟ್ಟವನಲ್ಲ. ಊರಿನ ಅಂಬಿಗರನ್ನೋ ಮೀನು ಹಿಡಿಯುವವರನ್ನೋ ಕೇಳದೆ ನದಿಗೆ ಇಳಿಯುವುದಿಲ್ಲ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಒಬ್ಬ ಹಿರಿಯನು ಮಾತನ್ನೂ ಮೊಬೈಲನ್ನೂ ಬಿಟ್ಟು ಅವರ ತಲೆಗಳನ್ನು ಎಣಿಸುತ್ತಲೇ ಇರಬೇಕು. ಮೆಟ್ಟಿಲಿಗೆ ಕಟ್ಟಿದ ಸರಪಳಿಯು ಕೈಗೆ ಸಿಕ್ಕುವಷ್ಟು ದೂರದಲ್ಲಿ ಮಾತ್ರ ಸ್ನಾನ. ತೀರ್ಥದಲ್ಲಿ ಮುಳುಗಿದಷ್ಟೇ ಪುಣ್ಯವು ಒಂದು ತಂಬಿಗೆಯ ಪ್ರೋಕ್ಷಣೆಯಿಂದಲೂ ಬರುವುದೆಂದು ಧೈರ್ಯವಾಗಿ ನಂಬಬಹುದು.

ಮೂರನೆಯ ದಿನ ಸಂಜೆ ತಾಂಡವಪುರಕ್ಕೆ ಹಿಂದಿರುಗಿದಾಗ ಉದಕಮಂಡಲದಿಂದ ಬರುವ ಗಾಡಿಗಳು ಮೈಸೂರಿನ ಕಡೆಗೆ ಓಡುತ್ತಿರುವುವು. ಅವರು ನೋಡಿದುದು ಕಡಿಮೆಯೆಂದು ನಾನು ಹೇಳುವವನಲ್ಲ. ಬೆಟ್ಟಗಳೂ ದೇವರ ಸೃಷ್ಟಿಯೇ. ಆದರೆ ನನ್ನ ಮೊಮ್ಮಗನು ಆ ಸಂಜೆ ಮನೆಗೆ ಬಂದೊಡನೆ ತನ್ನ ಪುಸ್ತಕವನ್ನು ತೆಗೆದು ಅಜ್ಜಿಗೆ ತೋರಿಸಿದನು. ಅದರಲ್ಲಿ ಸೇತುವೆಯ ಕಮಾನುಗಳ ಲೆಕ್ಕವಿದ್ದಿತು, ಹೆಬ್ಬಾತಿನ ಚಿತ್ರವಿದ್ದಿತು, ಕೊನೆಯ ಪುಟದಲ್ಲಿ ಒಂದು ಸಾಲಿದ್ದಿತು: “ನೀಲಕಂಠನ ಕೊರಳು ನೀಲಿಯಲ್ಲ. ನಾನೇ ನೋಡಿದೆ.” ಇಷ್ಟು ಹೇಳಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಲಿ, ನೋಡುವ ಹಂಬಲದಲ್ಲಿ ನೀರಿನ ಆಳವನ್ನು ಮರೆಯದಿರಲಿ, ಹೋದ ಮಕ್ಕಳೆಲ್ಲರೂ ಕ್ಷೇಮವಾಗಿ ಮನೆಗೆ ಬರಲಿ.